ಅತ್ತೆಯ ಹೆಬ್ಬೆಟ್ಟು

ಎಂಬತ್ತರ ಸುಮಾರಿಗೆ ನಾನು ಬಸವಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನರ್ಸ್ ಆಗಿದ್ದೆ. ಮನೆಯವರೊಬ್ಬರ ಸಹಿ ಇಲ್ಲದೆ ಯಾರಿಗೂ ಗರ್ಭನಿರೋಧಕ ಮಾತ್ರೆ ಕೊಡಕೂಡದು, ಹದಿನೆಂಟು ತುಂಬದವರಿಗೆ ಹಿರಿಯರ ಸಹಿಯೇ ಆಗಬೇಕು ಎಂದು ನಮ್ಮ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಒಂದು ದಿನ ಹದಿನೇಳರ ಸೊಸೆಯೊಬ್ಬಳು ವರ್ಷದ ಕೂಸಿಗೆ ಚುಚ್ಚುಮದ್ದು ಹಾಕಿಸುವ ನೆಪದಲ್ಲಿ ಬಂದಳು. "ನರ್ಸಮ್ಮ, ಆ ಮಾತ್ರೆ ಕೊಡ್ರಿ. ಮನ್ಯಾಗೆ ಗೊತ್ತಾಗಬಾರ್ದು" ಎಂದು ಪಿಸುಗುಟ್ಟಿದಳು. ಹಿರಿಯರ ಸಹಿ ಬೇಕು ಎಂದು ನಾನು ಹೇಳುತ್ತಿದ್ದಂತೆ ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದಳು.

"ಯಾತರ ಸಹಿ?"

ಮಾತ್ರೆಯ ಪಟ್ಟಿ ಮೇಜಿನ ಮೇಲೆಯೇ ಇತ್ತು. ಸುಳ್ಳು ಹೇಳುವಂತಿರಲಿಲ್ಲ, ಇದ್ದದ್ದನ್ನೇ ಹೇಳಿದೆ. ಹುಡುಗಿ ಕೂಸನ್ನು ಅವುಚಿಕೊಂಡು ಗೋಡೆಗೆ ಸರಿದಳು.

ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೊಸೆಯನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಮೇಜಿನ ಮೇಲಿದ್ದ ರಿಜಿಸ್ಟರ್ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ದನಿ ತಗ್ಗಿಸಿ, "ನನಗೂ ಕೊಡ್ರಿ. ಸೊಸಿ ಬಾಣಂತನ ಮಾಡಿದೋಳು ನಾನೇ ಬಸುರಾದ್ರೆ ಊರಾಗೆ ಹೆಂಗೆ ಮುಖ ತೋರ್ಸಲಿ?" ಎಂದಳು. ಅವಳಿಗಿನ್ನೂ ಮೂವತ್ತಾರು.

"ನಿಮಗೂ ಮನೆಯವರ ಸಹಿ ಬೇಕಲ್ಲಮ್ಮ" ಎಂದೆ.

ಹುಡುಗಿ ಕೂಸನ್ನು ಅತ್ತೆಯ ಕೈಗಿತ್ತು, ನನ್ನ ಪೆನ್ನು ತೆಗೆದುಕೊಂಡು ದುಂಡಗೆ ಸಹಿ ಮಾಡಿದಳು.

ಒಪ್ಪಿಗೆ ಕೊಟ್ಟವರ ಸಂಬಂಧ ಎಂಬಲ್ಲಿ ಒಂದು ಸಾಲಿಗೆ ಅತ್ತೆ ಎಂದೂ ಮುಂದಿನದಕ್ಕೆ ಸೊಸೆ ಎಂದೂ ಬರೆದೆ. ತಿಂಗಳ ಕೊನೆಗೆ ಡಾಕ್ಟರು ರಿಜಿಸ್ಟರ್ ನೋಡಿ, ಎಲ್ಲ ಕ್ರಮಬದ್ಧವಾಗಿದೆ ಎಂದು ಮೆಚ್ಚಿಕೊಂಡರು. ಆ ಮನೆಯ ಗಂಡಸರಿಬ್ಬರಿಗೆ ಮಾತ್ರ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.