ಕಾಶಿಯಲ್ಲಿ ಬಿಟ್ಟ ಅವರೆಕಾಯಿ

ನನಗೆ ಇಷ್ಟವಾದ ಅಡುಗೆ ಒಂದೇ. ಹಿತಕಿದ ಬೇಳೆ ಸಾರು, ಜೊತೆಗೆ ಬಿಸಿ ರಾಗಿಮುದ್ದೆ. ಇಷ್ಟವಿಲ್ಲದವು ಬಹಳ. ಉಪ್ಪಿಟ್ಟು, ಸಿಹಿಗುಂಬಳದ ಪಲ್ಯ, ಬೆಲ್ಲ ಬಿದ್ದ ಯಾವುದೇ ಸಾರು, ಎಲ್ಲಕ್ಕಿಂತ ಮೇಲೆ ಅಲಸಂದೆ ಕಾಳು. ಮದುವೆಯಾಗಿ ಹೋದ ಮನೆಯಲ್ಲಿ ಹನ್ನೊಂದು ವರ್ಷ ನನಗೆ ಹಿತಕಿದ ಬೇಳೆ ಸಿಗಲಿಲ್ಲ. ಅಲಸಂದೆ ಮಾತ್ರ ವಾರಕ್ಕೆ ಮೂರು ಸಲ ಸಿಕ್ಕಿತು. ಇದಕ್ಕೆ ಬಡತನ ಕಾರಣವಲ್ಲ, ಕಾಶಿ ಕಾರಣ.

ನನ್ನ ತವರು ತೆರಕಣಾಂಬಿ ಪಕ್ಕದ ಹಳ್ಳಿ. ಗೋಪಾಲಸ್ವಾಮಿ ಬೆಟ್ಟದ ಕಡೆ ಮಂಜು ಕವಿದು, ಬೆಳಗಿನ ಜಾವ ಹೊಲದ ಮೇಲೆ ಇಬ್ಬನಿ ಬೀಳುವ ಕಾಲಕ್ಕೆ ನಮ್ಮ ಕಡೆ ಅವರೆಕಾಯಿಗೆ ಸೊಗಡು ಹಿಡಿಯುತ್ತದೆ. ಸೊಗಡು ಎಂದರೆ ಸಿಪ್ಪೆಯ ಮೇಲೆ ಕೂರುವ ಎಣ್ಣೆಯಂಥ ಪಸೆ, ಅದರ ವಾಸನೆ. ಈಗ ವರ್ಷವಿಡೀ ಅವರೆಕಾಯಿ ಸಿಗುತ್ತದೆ, ಬಣ್ಣ ಇರುತ್ತದೆ, ಸೊಗಡು ಇರುವುದಿಲ್ಲ. ಅದನ್ನು ತಿನ್ನುವ ಬದಲು ನೀರು ಕುಡಿದು ಮಲಗುವುದು ಮೇಲು.

ಸಾರು ಮಾಡುವ ಕ್ರಮ ನನ್ನ ಅವ್ವನದು. ಸುಲಿದ ಕಾಳನ್ನು ರಾತ್ರಿ ನೆನೆಹಾಕಬೇಕು. ಬೆಳಗ್ಗೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿತಕಿದರೆ ಬೇಳೆ ಪಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಧನಿಯ, ಜೀರಿಗೆ, ಒಂದು ಚೂರು ಚಕ್ಕೆ ಹುರಿದುಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿಯನ್ನು ಕೆಂಪಗೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ನುಣ್ಣಗೆ ರುಬ್ಬಬೇಕು. ಬೇಳೆ ಮುಕ್ಕಾಲು ಬೆಂದ ಮೇಲೆ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಬಿಡಬೇಕು. ಹಿತಕಿದ ಬೇಳೆಯನ್ನು ಕುಕ್ಕರಿಗೆ ಹಾಕಿ ಸೀಟಿ ಹೊಡೆಸುವವರ ಮನೆಗೆ ನಾನು ಊಟಕ್ಕೆ ಹೋಗುವುದಿಲ್ಲ. ಅವರು ಕರೆದೂ ಇಲ್ಲ, ಅದು ಬೇರೆ ಮಾತು.

ಚಾಮರಾಜನಗರದಿಂದ ಹೆಣ್ಣು ನೋಡಲು ಬಂದ ದಿನ ಅತ್ತೆಯಾಗುವವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿಂಗೆ ಏನ್ ಉಣ್ಣಕ್ಕೆ ಇಷ್ಟ ಕಣಮ್ಮಿ?" ಕೆಲಸದ ಬಗ್ಗೆ ಕೇಳುತ್ತಾರೆ, ಸಂಬಳದ ಬಗ್ಗೆ ಕೇಳುತ್ತಾರೆ ಎಂದು ತಯಾರಾಗಿದ್ದೆ. ಬಾಯಿಗೆ ಬಂದ ನಿಜ ಹೇಳಿಬಿಟ್ಟೆ: "ಹಿತಕಿದ ಬೇಳೆ ಸಾರು." ಅವರು ನಕ್ಕರು. ಆ ನಗು ನನಗೆ ಹಿಡಿಸಿತು. ಇವರ ಜೊತೆ ಬಾಳಬಹುದು ಎನಿಸಿತು.

ಮದುವೆ ವೈಶಾಖದಲ್ಲಾಯಿತು. ಮನೆಯಲ್ಲಿ ಮೂವರೇ: ಅತ್ತೆ, ನನ್ನ ಗಂಡ, ನಾನು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನನಗೆ ಕೆಲಸವಿದ್ದುದರಿಂದ ದಿನಾ ಬಸ್ಸಿನಲ್ಲಿ ಓಡಾಟ. ಅದೇ ಕಾರ್ತಿಕದಲ್ಲಿ ಅತ್ತೆ ಬೀದಿಯ ಹೆಂಗಸರ ಜೊತೆ ಕಾಶಿಗೆ ಹೋದರು. ಕಾಶಿಗೆ ಹೋದವರು ಅಲ್ಲಿ ತಮಗೆ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕು, ಆಮೇಲೆ ಜೀವ ಇರುವವರೆಗೂ ಅದನ್ನು ಬಾಯಿಗೆ ಹಾಕಬಾರದು ಎನ್ನುವುದು ಪದ್ಧತಿ. ಪದ್ಧತಿ ಇದ್ದ ಮೇಲೆ ಜಾಣರೂ ಇರುತ್ತಾರೆ. ಆ ತಂಡದಲ್ಲಿ ಒಬ್ಬರು ಹಾಗಲಕಾಯಿ ಬಿಟ್ಟರು. ಇನ್ನೊಬ್ಬರು ಸೇಬು ಬಿಟ್ಟರು, ಅವರು ಸೇಬು ತಿಂದದ್ದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾತ್ರ.

ನನ್ನ ಅತ್ತೆ ಬಂದವರೇ ಗಂಗೆಯ ತಂಬಿಗೆಯನ್ನು ದೇವರ ಮುಂದಿಟ್ಟು ಹೇಳಿದರು: "ಹಣ್ಣಲ್ಲಿ ಸೀಬೆ ಬುಟ್ಟೆ. ತರಕಾರೀಲಿ ಅವರೆಕಾಯಿ ಬುಟ್ಬುಟ್ಟೆ ಕಣಮ್ಮಿ. ಇನ್ನು ಈ ಮನೆ ಹೊಸ್ಲು ಒಳಿಕ್ಕೆ ಅವರೆಕಾಯಿ ಬರಂಗಿಲ್ಲ."

ಅತ್ತೆಗೆ ಮುಂದಿನ ಹಲ್ಲು ನಾಲ್ಕೂ ಇರಲಿಲ್ಲ. ಸೀಬೆಹಣ್ಣು ಕಚ್ಚಲು ಅವರಿಂದ ಹೇಗೂ ಆಗುತ್ತಿರಲಿಲ್ಲ. ಅವರೆಕಾಯಿಯ ಲೆಕ್ಕವೂ ಅದೇ ಎಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ತನಗೆ ಬೇಡದ್ದನ್ನು, ಸೊಸೆಗೆ ಬೇಕಾದದ್ದನ್ನು, ಹುಡುಕಿ ಬಿಟ್ಟು ಬಂದಿದ್ದಾರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ನನಗೆ ಇಷ್ಟ ಎಂದು ಅವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಅಲ್ಲದೆ ಹರಕೆ ಹೊತ್ತವರು ತಿನ್ನದಿದ್ದರೆ ಸಾಕು, ಮನೆಮಂದಿಯೆಲ್ಲ ಬಿಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಗಂಡನನ್ನು ಕೇಳಿದೆ, ನಿಮ್ಮ ಅವ್ವನಿಗೆ ಅವರೆಕಾಯಿ ಇಷ್ಟವಿತ್ತಾ ಎಂದು. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಂಗೇನ್ ಗೊತ್ತು? ಅವ್ವ ಎಲ್ಲಾರ್ಗೂ ಇಕ್ಕಿ ಕೊನೇಲಿ ಉಣ್ಣೋಳು. ಏನ್ ಉಣ್ತಿತ್ತೋ ಯಾರ್ ನೋಡವ್ರೆ?" ಎಂದರು. ಆಮೇಲೆ, "ಒಂದ್ ಕಾಳಿಗೋಸ್ಕರ ಮನೇಲಿ ರಂಪ ಮಾಡ್ಬ್ಯಾಡ ಕಣ, ಬೇರೆ ಕಾಳಿಲ್ವಾ?" ಎಂದರು.

ಬೇರೆ ಕಾಳು ಇತ್ತು. ಅಲಸಂದೆ. ಆ ಚಳಿಗಾಲವೆಲ್ಲ ಅಲಸಂದೆ ಸಾರು, ಅಲಸಂದೆ ಪಲ್ಯ, ಸೊಪ್ಪಿನ ಜೊತೆ ಅಲಸಂದೆ. ಅದಕ್ಕೊಂದು ಮಣ್ಣಿನ ವಾಸನೆ ಇದೆ, ಎಷ್ಟು ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಅತ್ತೆ ನನ್ನ ತಟ್ಟೆಗೆ ಸೌಟು ತುಂಬ ಬಡಿಸಿ, "ಉಣ್ಣಮ್ಮಿ, ಬಸ್ಸಲ್ಲಿ ತಿರ್ಗೋಳು" ಎನ್ನುತ್ತಿದ್ದರು. ನಾನು ಉಣ್ಣುತ್ತಿದ್ದೆ. ಬೇಡ ಎನ್ನುವ ಧೈರ್ಯ ನನಗೆ ಇರಲಿಲ್ಲ, ಇದ್ದದ್ದು ಸಿಟ್ಟು ಮಾತ್ರ.

ಗುಂಡ್ಲುಪೇಟೆಯ ಬಸ್ಸು ತೆರಕಣಾಂಬಿಯಲ್ಲಿ ನಿಲ್ಲುತ್ತದೆ. ಸಂಕ್ರಾಂತಿಯ ಆಸುಪಾಸು ಅಲ್ಲಿ ರಸ್ತೆ ಬದಿಗೆ ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಸುರಿದಿರುತ್ತಾರೆ. ಚೀಲ ಹೊತ್ತ ಹೆಂಗಸೊಬ್ಬಳು ಹತ್ತಿದರೆ ಸಾಕು, ಬಸ್ಸೆಲ್ಲ ಸೊಗಡು. ನಾನು ಕಿಟಕಿ ಮುಚ್ಚಿ ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ತವರಿನಲ್ಲಿ ಅವ್ವ ಹೋದ ಮೇಲೆ ಅಲ್ಲಿ ಇಳಿಯಲು ನನಗೆ ನೆಪವೂ ಉಳಿದಿರಲಿಲ್ಲ.

ಮೂರನೆಯ ವರ್ಷ ತಡೆಯಲಾಗಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಪಾಠ ಮಾಡುವ ಗೆಳತಿಯ ಮನೆಯಲ್ಲಿ, ಅವಳು ರಾತ್ರಿಯೇ ನೆನೆಹಾಕಿಟ್ಟಿದ್ದ ಎರಡು ಸೇರು ಕಾಳು ಹಿತಕಿ ಸಾರು ಮಾಡಿದೆ. ಇಬ್ಬರೂ ನೆಲದ ಮೇಲೆ ಕೂತು ಉಂಡೆವು. ಬರುವಾಗ ಅತ್ತೆಗೆಂದು ಒಂದು ಮೊಳ ಕನಕಾಂಬರ ತಂದೆ, ಕಳ್ಳರು ದೇವಸ್ಥಾನಕ್ಕೆ ಕಾಣಿಕೆ ಹಾಕುತ್ತಾರಲ್ಲ ಹಾಗೆ. ಹೂವು ಕೊಡಲು ಕೈ ಚಾಚಿದಾಗ ಅವರು ಹೂವನ್ನು ಬಿಟ್ಟು ನನ್ನ ಬೆರಳು ಹಿಡಿದರು. ಮೂಗಿನ ಹತ್ತಿರ ತೆಗೆದುಕೊಂಡು ಹೋದರು. ಸೊಗಡು ಸೋಪಿಗೆ ಹೋಗುವುದಿಲ್ಲ ಎನ್ನುವುದನ್ನು ನಾನು ಮರೆತಿದ್ದೆ.

"ಎಲ್ಲಿ ಹಿತ್ಕುದ್ಯಮ್ಮಿ?" ಎಂದರು. ಅವರು ಬೆರಳು ಬಿಡಲಿಲ್ಲ. ಆಮೇಲೆ, "ಹುಣಸೆಹಣ್ಣಾಕಿ ತೊಳ್ಕೊಂಡು ಒಳಿಕ್ ಬಾ" ಎಂದು ಹೋದರು. ಬಚ್ಚಲಿನಲ್ಲಿ ನಿಂತು ಕೈ ಉಜ್ಜುತ್ತಾ ನಾನು ಅಳುತ್ತಿದ್ದೆ. ಬಿ.ಎಡ್. ಮಾಡಿದವಳು, ನಲವತ್ತು ಮಕ್ಕಳ ತರಗತಿಯನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುವವಳು, ಊಟ ಮಾಡಿದ್ದಕ್ಕೆ ಸಿಕ್ಕಿಬಿದ್ದು ಅಳುತ್ತಿದ್ದೆ. ಅವತ್ತಿನಿಂದ ಅತ್ತೆಯನ್ನು ದ್ವೇಷಿಸಲು ಶುರುಮಾಡಿದೆ. ಹೊರಗೆ ಏನೂ ಕಾಣಿಸಲಿಲ್ಲ. ಅವರಿಗೆ ಮಾತ್ರೆ ಕೊಟ್ಟೆ, ಕಾಲು ಒತ್ತಿದೆ, ಹಬ್ಬಕ್ಕೆ ಸೀರೆ ತಂದೆ. ಒಳ್ಳೆಯ ಸೊಸೆ ಎಂದು ಬೀದಿಯಲ್ಲಿ ಹೆಸರೂ ಬಂತು.

ಹನ್ನೊಂದನೆಯ ವರ್ಷ ಅತ್ತೆಯ ಕಿಡ್ನಿ ಕೈಕೊಟ್ಟಿತು. ಪುಷ್ಯದ ಚಳಿಯಲ್ಲಿ ಡಾಕ್ಟರು ಮನೆಗೆ ಕಳಿಸಿ, ಇನ್ನು ಪಥ್ಯ ಬೇಡ, ಏನು ಕೇಳುತ್ತಾರೋ ಕೊಡಿ ಎಂದರು. ಅವರು ಏನೂ ಕೇಳುತ್ತಿರಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು. ಒಂದು ಮಧ್ಯಾಹ್ನ ಗಂಡ ಔಷಧಿ ಅಂಗಡಿಗೆ ಹೋಗಿದ್ದರು. ಅತ್ತೆ ನನ್ನ ಸೆರಗು ಎಳೆದರು. ಸಣ್ಣ ದನಿಯಲ್ಲಿ, ಮಗ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೇಳಿದರು: "ಒಂಚೂರು ಹಿತ್ಕಿದ ಬ್ಯಾಳೆ ಸಾರು ಮಾಡ್ಕೊಟ್ಟೀಯೇನವ್ವ?"

ಹನ್ನೊಂದು ವರ್ಷದಲ್ಲಿ ಅವರು ತಮಗೆಂದು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಬೀದಿ ಕೊನೆಯ ತಳ್ಳುಗಾಡಿಯಲ್ಲಿ ಕಾಳು ಸುಲಿದೇ ಇಟ್ಟಿದ್ದರು, ಬೆಳಗ್ಗೆಯೇ ನೋಡಿದ್ದೆ. ಬಿಸಿನೀರಿನಲ್ಲಿ ನೆನೆಹಾಕಿದ್ದರೆ ಸಂಜೆಯ ಹೊತ್ತಿಗೆ ಸಾರು ಆಗುತ್ತಿತ್ತು.

"ಕಾಶೀಲಿ ಬಿಟ್ಟಿದ್ದೀರಲ್ಲ ಅತ್ತೆ," ಎಂದೆ. "ವಿಶ್ವನಾಥನಿಗೆ ಕೊಟ್ಟಿದ್ದನ್ನ ವಾಪಸ್ ಕೇಳಬಾರದು. ಈ ಹೊತ್ತಲ್ಲಿ ಯಾಕೆ ಪಾಪ ಕಟ್ಕೋತೀರಿ?"

ಬಹಳ ಮೃದುವಾಗಿ ಹೇಳಿದೆ. ಹೊದಿಕೆ ಸರಿಮಾಡುತ್ತಾ ಹೇಳಿದೆ. ಅವರು ನನ್ನನ್ನು ನೋಡಿದರು. "ಔದಲ್ವಾ. ಮರ್ತೇ ಓಗಿತ್ತು ಕಣವ್ವ," ಎಂದು ಗೋಡೆ ಕಡೆ ತಿರುಗಿದರು. ಮರೆತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತು. ಆ ದಿನ ಪಾತ್ರೆ ತೊಳೆಯುವಾಗ ನನ್ನ ಮೈ ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯ ದಿನ ಅತ್ತೆ ಹೋದರು.

ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು-ತುಪ್ಪ ಬಿಡಲು ಹೋದಾಗ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿಟ್ಟು ಗುಡ್ಡೆಯ ಮೇಲೆ ಇಡುತ್ತಾರೆ. ನಾವು ವಡೆ, ಪಾಯಸ, ಬಾಳೆಹಣ್ಣು ಇಟ್ಟೆವು. ಗಂಡ ಎಲೆಅಡಿಕೆ ಇಟ್ಟರು. ಅಷ್ಟರಲ್ಲಿ ಅತ್ತೆಯ ತಂಗಿ ಬಂದರು. ಗುಂಡ್ಲುಪೇಟೆ ಆಚೆಯ ಮದ್ದೂರು ಕಾಡಿನ ಅಂಚಿನ ಹಳ್ಳಿಯವರು, ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಕ್ಯಾರಿಯರ್. ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು.

"ಅದು ಕಾಶೀಲಿ ಬಿಟ್ಟಿದ್ದು," ಎಂದೆ. ನನಗಿಂತ ಮೊದಲು ನನ್ನ ಬಾಯಿ ಹೇಳಿತು.

"ಕಾಶಿ ಗೀಶಿ ಎಲ್ಲಾ ಜೀವ ಇರೋಗಂಟ ಕಣಮ್ಮಿ. ಈಗ ಯಾವನ್ ತಡಿತಾನೆ ನಮ್ಮಕ್ಕನ್ನ?" ಎಂದು ಅವರು ಸಾರನ್ನು ಎಲೆಗೆ ಬಡಿಸಿದರು. ಆಮೇಲೆ ಮಣ್ಣಿನ ಮೇಲೆಯೇ ಕೂತುಕೊಂಡು ಹೇಳಿದರು. "ಅವ್ಳಿಗೆ ಇದು ಅಂದ್ರೆ ಪ್ರಾಣ. ಚಿಕ್ಕೋರಲ್ಲಿ ಹೊಲಕ್ಕೆ ಹಂದಿ ಬರ್ದಂಗೆ ಕಾಯಕ್ಕೆ ಅಟ್ಟಣೆ ಮ್ಯಾಲೆ ಕೂರುಸ್ತಿದ್ರು ನಮ್ಮಿಬ್ರನ್ನೂವೆ. ಅವರೆಕಾಯ ಸುಟ್ಕಂಡು ಕಾಳೆಲ್ಲಾ ಅವ್ಳೇ ತಿಂದ್ಬುಟ್ಟು ನಂಗೆ ಸಿಪ್ಪೆ ಕೊಡೋಳು. ಅದ್ಕೇ ಅದ ಕಾಶೀಲಿ ಬುಟ್ಟಿದ್ದು. ಎಲ್ಲಾರೂ ಹಾಗಲಕಾಯಿ ಬುಟ್ರು, ನಾ ದೇವ್ರಿಗೆ ಮೋಸ ಮಾಡ್ನಿಲ್ಲ ಕಣೆ ಅಂದ್ಲು. ಮನೇಲಿ ಬೇಯ್ಸಿದ್ರೆ ತಡ್ಕೊಳಕ್ಕೆ ಆಗಕಿಲ್ಲ, ಹರಕೆ ಮುರ್ದೋಯ್ತದೆ ಅಂತ ಒಳಿಕ್ಕೇ ಬುಡ್ತಿರ್ನಿಲ್ಲ. ಸೊಸೆಗೂ ಅದೇ ಇಷ್ಟ ಕಣೆ, ಆ ಮಗಿನ ಬಾಯಿಗೆ ಮಣ್ಣಾಕ್ಬುಟ್ಟೆ, ಹೇಳಕ್ಕೆ ನಾಚ್ಕೆ ಆಯ್ತದೆ ಅಂತಿದ್ಲು."

ಹೇಳಬಹುದಿತ್ತು. ಈ ಮಾತನ್ನು ಇವತ್ತಿಗೂ ಬಿಡುವುದಿಲ್ಲ ನಾನು. ಒಂದೇ ಅಡುಗೆಮನೆಯಲ್ಲಿ ಹನ್ನೊಂದು ವರ್ಷ, ಒಂದೇ ಒಂದು ಸಲ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ನಾನೂ ಬಿಡುತ್ತಿದ್ದೆನೇನೋ, ಅವರ ಜೊತೆ, ಸಿಟ್ಟಿಲ್ಲದೆ. ನನ್ನ ಬೆರಳು ಹಿಡಿದು ನಿಂತದ್ದನ್ನು ಈಗ ಹಾಗೂ ಅರ್ಥ ಮಾಡಬಹುದು, ಹೀಗೂ ಮಾಡಬಹುದು. ಮಕ್ಕಳಿಗೆ ಅರ್ಥ ಹೇಳಿಕೊಡುವುದೇ ನನ್ನ ಕೆಲಸ, ಇದೊಂದಕ್ಕೆ ಹೇಳಿಕೊಳ್ಳಲು ಮನಸ್ಸಿಲ್ಲ.

ಚಿಕ್ಕತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. "ಕೊನೇಲಿ ಏನಾರ ಉಣ್ಣಕ್ಕೆ ಕೇಳುದ್ಲಾ ನಮ್ಮಕ್ಕ?"

ಗಂಡ ಪಕ್ಕದಲ್ಲೇ ನಿಂತಿದ್ದರು.

"ಇಲ್ಲ," ಎಂದೆ. "ಏನೂ ಕೇಳಲಿಲ್ಲ."

"ಪುಣ್ಯಾತ್ಗಿತ್ತಿ," ಎಂದರು ಅವರು. "ಆಸೆ ಇಲ್ದಂಗೆ ಹೋದ್ಲು." ಕ್ಯಾರಿಯರಿನಲ್ಲಿ ಮಿಕ್ಕಿದ್ದ ಸಾರನ್ನು ನನ್ನ ಕೈಗೆ ಕೊಟ್ಟರು, ನೀನಾದರೂ ಉಣ್ಣು ಎಂದು.

ಮನೆಗೆ ಬಂದು, ಉಳಿದವರು ಜಗುಲಿಯಲ್ಲಿ ಮಾತಾಡುತ್ತಿದ್ದಾಗ, ಅಡುಗೆಮನೆಯಲ್ಲಿ ನಿಂತುಕೊಂಡೇ ಆ ಸಾರಿಗೆ ಮುದ್ದೆ ಮುರಿದೆ. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಮರುಕ ಹುಟ್ಟುತ್ತಿತ್ತು. ಇಳಿಯಿತು. ಎರಡು ಮುದ್ದೆ ತಿಂದೆ. ಅಷ್ಟು ಚೆನ್ನಾದ ಹಿತಕಿದ ಬೇಳೆ ಸಾರನ್ನು ನಾನು ಅದಕ್ಕೆ ಮೊದಲೂ ಉಂಡಿರಲಿಲ್ಲ, ಆಮೇಲೂ ಉಂಡಿಲ್ಲ.