ಚೆನ್ನರಾಯಪ್ಪನ ಮಂದೆ ಎಲ್ಲಿತ್ತು?

ತೊಂಡೇಬಾವಿ ಕಡೆಯ ಚೆನ್ನರಾಯಪ್ಪನಿಗೆ ಈಗ ಅರವತ್ತಾರು ವರ್ಷ. ಕುರಿಗಳ ಜೊತೆ ತೆಲುಗು, ಮನುಷ್ಯರ ಜೊತೆ ಕನ್ನಡ ಆಡುವುದು ಅವನ ರೂಢಿ. ಇಬ್ಬರಲ್ಲಿ ಮಾತು ಕೇಳುವವರು ಯಾರೆಂದರೆ ಕುರಿಗಳೇ ಎನ್ನುತ್ತಾನೆ. ಬೇಸಿಗೆ ಬಂತೆಂದರೆ ಎಪ್ಪತ್ತು ಕುರಿ, ಒಂದು ನಾಯಿ, ಒಂದು ಕಂಬಳಿಯೊಂದಿಗೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿಯ ದಿಕ್ಕಿಗೆ ಹೊರಡುತ್ತಾನೆ. ದಾರಿಯ ರೈತರು ಗೊಬ್ಬರಕ್ಕೆಂದು ಅವನ ಕುರಿಗಳನ್ನು ತಮ್ಮ ಖಾಲಿ ಹೊಲದಲ್ಲಿ ಎರಡೋ ಮೂರೋ ರಾತ್ರಿ ತಂಗಿಸಿಕೊಳ್ಳುತ್ತಾರೆ. ಮಂದೆ ಹಾಕಿಸುವುದು ಎಂದರೆ ಇದೇ. ಯಾರ ಸರದಿ ಮೊದಲು, ಯಾರಿಗೆ ಎಷ್ಟು ರಾತ್ರಿ ಎಂಬುದಕ್ಕೆ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಚೆನ್ನರಾಯಪ್ಪ ‘ಬರ್ತೀನಿ’ ಅಂದರೆ ಬಂದ ಹಾಗೆಯೇ. ನಲವತ್ತು ವರ್ಷದಲ್ಲಿ ಆ ಮಾತು ಒಂದು ಸಲವೂ ತಪ್ಪಿರಲಿಲ್ಲ. ಅವನಿಗೆ ಅದರ ಜಂಬವೂ ಇತ್ತು. ಇರಲಿ ಬಿಡಿ, ಇನ್ಯಾವುದರ ಜಂಬ ಪಡಬೇಕು ಅವನು?

ಈ ಬೇಸಿಗೆಯಲ್ಲಿ ಮುಂದೆ ನಡೆಯುವ ಟಗರಿನ ಕೊರಳಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದು ಬಂತು. ಕಟ್ಟಿದವಳು ಶೋಭಾರಾಣಿ. ಮುದ್ದೇನಹಳ್ಳಿಯ ಹತ್ತಿರ ಒಂದು ಸಣ್ಣ ಸಂಶೋಧನಾ ತಂಡದಲ್ಲಿ ಕೆಲಸಕ್ಕಿರುವ ಹುಡುಗಿ. ಡಬ್ಬಿಯೊಳಗೆ ಸಿಮ್ ಇಲ್ಲ, ಜಿಪಿಎಸ್ ಇಲ್ಲ. ಅವಿದ್ದರೆ ಬ್ಯಾಟರಿ ಬೇಗ ಮುಗಿದುಹೋಗುತ್ತದೆ. ಇದು ಆಗಾಗ ನಮಗ್ಯಾರಿಗೂ ಕೇಳದಂಥ ಒಂದು ರೇಡಿಯೋ ಕೂಗು ಹಾಕಿ ಸುಮ್ಮನಾಗುತ್ತದೆ. ಮೇಲೆ ಹಾದುಹೋಗುವ ಉಪಗ್ರಹ ಅದನ್ನು ಕೇಳಿಸಿಕೊಳ್ಳುತ್ತದೆ, ಆ ಕೂಗಿನಿಂದಲೇ ಟಗರು ಎಲ್ಲಿದೆಯೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೀಗಾಗಿ ಬ್ಯಾಟರಿ ಎರಡು ವರ್ಷ ಬಾಳುತ್ತದಂತೆ. ಹದಿನೈದು ದಿನಕ್ಕೊಮ್ಮೆ ಶೋಭಾರಾಣಿ ಸ್ಕೂಟರಿನಲ್ಲಿ ಬಂದು, ಮಂದೆ ಯಾವ ದಿನ ಎಲ್ಲಿತ್ತೆಂದು ಚೆನ್ನರಾಯಪ್ಪನ ಬಾಯಿಂದ ಕೇಳಿ ಬರೆದುಕೊಂಡು ತಾಳೆ ನೋಡುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಾಪ, ಒಳ್ಳೆಯದಾಗಲೆಂದೇ, ಹೊಲದವರಿಗೂ ಮಂದೆಯ ಜಾಗ ಫೋನಿನಲ್ಲಿ ಕಾಣುವ ಹಾಗೆ ಮಾಡಿಟ್ಟಳು.

ಖಲೀಮುಲ್ಲಾ ಸಾಬರಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ, ಚಿಂತಾಮಣಿ ರಸ್ತೆಯಲ್ಲಿ ಎರಡು ಎಕರೆ ಹೊಲ. ಹಿಪ್ಪುನೇರಳೆ ಕಡ್ಡಿ ನೆಡುವ ಮುನ್ನ ಮೂರು ರಾತ್ರಿ ಮಂದೆ ಬೇಕೆಂದಿದ್ದರು. ಚೆನ್ನರಾಯಪ್ಪ ಮೂರು ರಾತ್ರಿಯೂ ಹಾಕಿದ. ಜೊತೆಗಿರುತ್ತಿದ್ದ ಭಾಮೈದ ಮುನೇಶ್ ಯಾರದೋ ಮದುವೆಗೆ ಊರಿಗೆ ಹೋಗಿದ್ದರಿಂದ ಒಬ್ಬನೇ ಇದ್ದ. ಸಾಬರಿಗೂ ಬಂದು ನೋಡಲು ಪುರುಸೊತ್ತಾಗಲಿಲ್ಲ. ನಾಲ್ಕನೇ ಬೆಳಗ್ಗೆ, ಎಲ್ಲರೂ ಮಾಡುವಂತೆ, ಹಿಕ್ಕೆ ಒಣಗುವ ಮೊದಲೇ ಟ್ರಾಕ್ಟರ್ ಬಂದು ಉತ್ತುಹಾಕಿತು. ಮಂದೆ ಕೂತಿದ್ದ ಗುರುತೆಲ್ಲ ಮಣ್ಣಿನಡಿ ಸೇರಿತು.

ಐದಾರು ದಿನ ಕಳೆದು ಸಾಬರು ಹುಡುಕಿಕೊಂಡು ಬಂದರು. ಚೆನ್ನರಾಯಪ್ಪ ರಸ್ತೆಬದಿಯ ಟೀ ಅಂಗಡಿಯಲ್ಲಿ ಕೂತಿದ್ದ.

“ಎರಡನೇ ರಾತ್ರಿ ಮಂದೆ ಎಲ್ಲಿತ್ತು, ಚೆನ್ನರಾಯಪ್ಪ?”

“ಇನ್ನೆಲ್ಲಿ ಸಾಬ್ರೆ, ನಿಮ್ಮ ಹೊಲದಲ್ಲೇ.”

ಸಾಬರು ಫೋನು ಮುಂದೆ ಹಿಡಿದರು. ಆ ರಾತ್ರಿಯ ಕೆಂಪು ಚುಕ್ಕೆ ಅವರ ಹೊಲದಿಂದ ಹತ್ತು ಕಿಲೋಮೀಟರ್ ಆಚೆ, ಯಾರದೋ ಮಾವಿನ ತೋಪಿನಲ್ಲಿ ಕೂತಿತ್ತು.

“ಬೇರೆಯವರು ಕರೆದ್ರೆ ಹೋಗು, ನನ್ನ ಅಡ್ಡಿಯಿಲ್ಲ. ಒಂದು ಮಾತು ಹೇಳಿ ಹೋಗ್ಬಹುದಿತ್ತಲ್ಲಪ್ಪ. ಮೇಲಿರೋ ಉಪಗ್ರಹಕ್ಕೆ ನಿನ್ನ ಮೇಲೆ ಏನು ಹಗೆ, ಸುಳ್ಳು ಹೇಳೋಕೆ?”

ಬೈದಿದ್ದರೆ ಚೆನ್ನರಾಯಪ್ಪನೂ ನಾಲ್ಕು ಮಾತು ಬೈಯುತ್ತಿದ್ದ. ಇಪ್ಪತ್ತು ವರ್ಷದ ಪರಿಚಯದ ಮನುಷ್ಯ ನೊಂದುಕೊಂಡು ಕೇಳಿದಾಗ ಅರ್ಧ ಕುಡಿದ ಟೀ ಅಲ್ಲೇ ಇಟ್ಟು ಎದ್ದ. ಅಂಗಡಿಯವನೂ ಲೋಟ ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದ.

ಅವನ ನಿಜವಾದ ಸಂಕಟ ಶುರುವಾಗಿದ್ದು ಆಮೇಲೆ. ಸಾಬರು ತನ್ನನ್ನು ನಂಬಲಿಲ್ಲವೆಂಬುದು ಹಾಗಿರಲಿ, ತನಗೇ ತನ್ನ ಮೇಲೆ ನಂಬಿಕೆ ಅಲ್ಲಾಡಿತು. ಹೋದ ತಿಂಗಳು ಕಂಬಳಿ ಮರೆತು ಎರಡು ಮೈಲಿ ನಡೆದುಬಿಟ್ಟಿದ್ದ. ಸತ್ತುಹೋದ ನಾಯಿಯ ಹೆಸರಿನಿಂದ ಇರುವ ನಾಯಿಯನ್ನು ಕರೆದಿದ್ದ. ಹಾಗೆಯೇ ಆ ರಾತ್ರಿಯೂ ಎತ್ತಲೋ ನಡೆದು, ಹೋಗಿದ್ದನ್ನೇ ಮರೆತೆನೋ? ಹೆಂಡತಿ ಆದಿಲಕ್ಷ್ಮಮ್ಮನಿಗೆ ಫೋನ್ ಮಾಡಿದ.

“ನನಗೆ ಮರೆವು ಬಂದದೇನೇ?”

“ಉಪ್ಪು ತನ್ನಿ ಅಂದ್ರೆ ಮರೀತೀರ, ನಿಜ. ಕುರಿ ಎಲ್ಲಿತ್ತು ಅನ್ನೋದು ಯಾವತ್ತು ಮರೆತಿದ್ದೀರ? ಸುಮ್ನೆ ಊಟ ಮಾಡಿ ಮಲಗಿ.”

ಊಟ ಮಾಡಿದ. ಆದರೆ ಸಮಾಧಾನವಾಗಲಿಲ್ಲ. ಮೂರು ದಿನ ಯಾರ ಹೊಲಕ್ಕೂ ‘ಬರ್ತೀನಿ’ ಎನ್ನಲು ಧೈರ್ಯ ಸಾಲದೆ, ಕೆರೆಯಂಗಳದಲ್ಲೇ ಮಂದೆ ನಿಲ್ಲಿಸಿಕೊಂಡ.

ನಾಲ್ಕನೇ ದಿನ ಮಧ್ಯಾಹ್ನ ಶೋಭಾರಾಣಿ ಬಂದಳು. ವಿಷಯ ಕೇಳಿ ಅವಳ ಮುಖ ಚಿಕ್ಕದಾಯಿತು. ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಬೆವರು ಒರೆಸಿಕೊಳ್ಳುತ್ತ ಒಂದು ಗಂಟೆ ನೋಡಿದಳು. ಆಮೇಲೆ ಸಾಬರಿಗೆ ಫೋನ್ ಮಾಡಿ ಕರೆಸಿದಳು.

“ತಾತ, ತೊಂಡೇಬಾವಿ ಸ್ಟೇಷನ್ ಹತ್ರ ನಿಲ್ಲದೆ ಹೋಗೋ ರೈಲಿನ ಕೂಗು ಕೇಳಿದ್ದೀರಲ್ಲ? ಹೇಗಿರ್ತದೆ?”

“ಬರುವಾಗ ಸಣ್ಣಗೆ ಕೀರಲು. ದಾಟಿದ ಕೂಡ್ಲೆ ದಪ್ಪ ಆಗ್ತದೆ.”

“ನಮ್ಮ ಲೆಕ್ಕನೂ ಅದೇ. ಉಪಗ್ರಹ ಓಡ್ತಾ ಇರ್ತದಲ್ಲ, ಅದಕ್ಕೆ ಡಬ್ಬಿ ಕೂಗು ಹಂಗೇ ಬದಲಾಗಿ ಕೇಳಿಸ್ತದೆ. ಯಾವಾಗ, ಎಷ್ಟು ಬೇಗ ಬದಲಾಯ್ತು ಅಂತ ನೋಡಿ ದಾರಿಯಿಂದ ಎಷ್ಟು ದೂರ ಅಂತ ಹೇಳ್ತೀವಿ. ಆದ್ರೆ ನೀವು ಹಳಿಯ ಎಡಗಡೆ ನಿಂತಿದ್ರೂ, ಬಲಗಡೆ ಅಷ್ಟೇ ದೂರ ನಿಂತಿದ್ರೂ…”

“ಕೂಗು ಒಂದೇ ಅಲ್ವೇನಮ್ಮ,” ಎಂದ ಚೆನ್ನರಾಯಪ್ಪ.

“ಅದಕ್ಕೇ ಪ್ರತಿಸಲ ಎರಡು ಜಾಗ ಸಿಗ್ತವೆ. ಭೂಮಿ ತಿರುಗೋದ್ರಿಂದ ಯಾವುದು ಸರಿ ಅಂತ ಸಾಮಾನ್ಯವಾಗಿ ಗೊತ್ತಾಗಿಬಿಡ್ತದೆ. ಆ ರಾತ್ರಿ ಉಪಗ್ರಹ ಹೆಚ್ಚುಕಮ್ಮಿ ನಿಮ್ಮ ನೆತ್ತಿ ಮೇಲೇ ಹೋಗಿದೆ. ಎರಡು ಜಾಗನೂ ಅದರ ಲೆಕ್ಕಕ್ಕೆ ಹತ್ತಿರ ಹತ್ತಿರ ಬಿದ್ದು, ಕಂಪ್ಯೂಟರ್ ತಪ್ಪು ಕಡೇದನ್ನ ಆರಿಸ್ಕೊಂಡಿದೆ. ಬಿಟ್ಟಿದ್ದ ಇನ್ನೊಂದು ಜಾಗ ನಿಮ್ಮ ಹೊಲನೇ ಸಾಬ್ರೆ. ತಪ್ಪು ನಮ್ಮದು.”

ಚೆನ್ನರಾಯಪ್ಪನಿಗೆ ಎದೆಯ ಭಾರ ಇಳಿದಂತಾಯಿತು. ಆದರೆ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ ಅವನು.

“ಈ ಹದಿನೈದು ದಿನದ್ದೂ ಹೇಳ್ತೀನಿ, ಬರ್ಕೊಳಮ್ಮ. ತಪ್ಪಿದ್ರೆ ಈಗ್ಲೇ ತಿಳೀಲಿ.”

ಕಣ್ಣು ಮುಚ್ಚಿ ಹೇಳುತ್ತ ಹೋದ. ಯಾರ ಹೊಲ, ಯಾವ ಬದು, ಪಕ್ಕದಲ್ಲಿ ಹೊಂಗೆಮರವೋ ಬೋರ್‌ವೆಲ್ಲೋ, ಎಲ್ಲವನ್ನೂ. ಶೋಭಾರಾಣಿ ಒಂದೊಂದನ್ನೇ ಬರೆದು ಲ್ಯಾಪ್‌ಟಾಪಿನಲ್ಲಿ ನೋಡಿದಳು. ಹದಿನೈದಕ್ಕೆ ಹದಿನೈದೂ ತಾಳೆಯಾದವು, ಉಪಗ್ರಹದ ಆ ಎರಡು ಜಾಗಗಳಲ್ಲಿ ಒಂದರ ಜೊತೆ.

ಸಾಬರು ಅವಳ ಪುಸ್ತಕದೊಳಗೆ ಇಣುಕಿದರು. ಎರಡು ಕಾಲಂ. ಒಂದರ ತಲೆಯಲ್ಲಿ ‘ಉಪಗ್ರಹದ ಲೆಕ್ಕ’ ಎಂದಿತ್ತು. ಇನ್ನೊಂದರಲ್ಲಿ ‘ನಿಜವಾದ ಜಾಗ’.

“ಇದನ್ನ ಯಾರು ಹೇಳೋದು, ಈ ನಿಜವಾದದ್ದು?”

“ತಾತನೇ. ಮೊದಲಿಂದ್ಲೂ ಅವರು ಹೇಳಿದ್ದನ್ನೇ ಅಲ್ಲಿ ಬರೆಯೋದು. ಅದನ್ನ ನೋಡಿ ಉಪಗ್ರಹ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡ್ತೀವಿ.”

ಚೆನ್ನರಾಯಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಓದು ಬಾರದ ಮನುಷ್ಯ, ಹುಡುಗಿ ಏನೋ ಗೀಚಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಹೆಗಲ ಕಂಬಳಿ ಸರಿಮಾಡಿಕೊಂಡು ಸಾಬರ ಕಡೆ ತಿರುಗಿದ.

“ಸಾಬ್ರೆ, ನನಗೆ ಅಕ್ಷರ ಬರಲ್ಲ. ಆ ನಿಜವಾದ ಜಾಗದ ಪಟ್ಟಿ ಪೂರ್ತಿ ಒಂದ್ಸಲ ಓದಿ ಹೇಳಿ.”

ಖಲೀಮುಲ್ಲಾ ಸಾಬರು ಕನ್ನಡಕ ಹಾಕಿಕೊಂಡು, ಬಿಸಿಲಲ್ಲೇ ನಿಂತು, ಸ್ಕೂಲಿನ ಹುಡುಗರಂತೆ ಗಟ್ಟಿಯಾಗಿ ಓದತೊಡಗಿದರು. ನಾಲ್ಕನೇ ಸಾಲಿಗೆ ತಮ್ಮದೇ ಹೆಸರು ಬಂತು. ಐದನೆಯದು: ಖಲೀಮುಲ್ಲಾ ಸಾಬರ ಹೊಲ, ಎರಡನೇ ರಾತ್ರಿ. ಅವರ ದನಿ ಅಲ್ಲಿಗೆ ನಿಂತುಹೋಯಿತು.

“ಮುಂದಕ್ಕೆ ಓದಿ ಸಾಬ್ರೆ,” ಎಂದ ಚೆನ್ನರಾಯಪ್ಪ ಮೆಲ್ಲಗೆ. “ಅದೊಂದೇ ಅಲ್ಲ, ಇನ್ನೂ ಹತ್ತು ಅವೆ.”