ಮಾವಿನ ಮರದ ದುಡ್ಡಿನ ಸ್ಟೌ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಯಜಮಾನರು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಆ ಸ್ಟೌ ವಿಷಯದಲ್ಲಿ ಮಾತ್ರ ಯಾವ ದೇವರ ಮುಂದೆ ನಿಲ್ಲಿಸಿ ಕೇಳಿದರೂ ತಪ್ಪು ಅವರದೇ ಎಂದು ಹೇಳುತ್ತೇನೆ.

ಆಗ ಯುದ್ಧದ ಕಾಲ. ಅವರು ಮಾಲೂರಿನಲ್ಲಿ ಗುಮಾಸ್ತರಾಗಿದ್ದರು. ಅವರ ಹೆಡ್‌ಗುಮಾಸ್ತರ ಮನೆಯ ಹಿಂಭಾಗದಲ್ಲೇ ನಮ್ಮ ಬಾಡಿಗೆ ಬಿಡಾರ. ಮಣ್ಣಿನ ಮಾಳಿಗೆಯ ಒಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಅಡುಗೆಮನೆ, ನಡುವೆ ಬಾಗಿಲು ಎಂಬುದೇ ಇಲ್ಲ. ಸೌದೆಯ ಅಂಗಡಿಯವನು ಕೊಡುತ್ತಿದ್ದದ್ದು ಹಸಿ ಸೌದೆ. ಊದಿ ಊದಿ ನನ್ನ ಕೆನ್ನೆ ಬಾತುಕೊಳ್ಳುತ್ತಿತ್ತೇ ಹೊರತು ಉರಿ ಏಳುತ್ತಿರಲಿಲ್ಲ. ಎದ್ದದ್ದೆಲ್ಲ ಹೊಗೆ. ಆ ಹೊಗೆ ನೇರವಾಗಿ ಕೋಣೆಗೆ ಹೋಗಿ ತೊಟ್ಟಿಲಿನ ಸುತ್ತ ಕೂತುಬಿಡುತ್ತಿತ್ತು. ತೊಟ್ಟಿಲಲ್ಲಿ ನನ್ನ ಮಗಳು, ಇನ್ನೂ ಅಂಬೆಗಾಲಿಡದ ಕೂಸು. ಒಲೆ ಹಚ್ಚಿದ ಕೂಡಲೇ ಕೆಮ್ಮಲು ಶುರು ಮಾಡಿದರೆ ಮುಖವೆಲ್ಲ ಕೆಂಪಾಗಿ, ಕುಡಿದ ಹಾಲೆಲ್ಲ ಆಚೆ ಬರುವ ತನಕ ನಿಲ್ಲಿಸುತ್ತಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಅದರ ಎದೆಗೆ ಕಿವಿಗೊಟ್ಟು, "ಹೊಗೇಲಿ ಮಲಗಿಸ್ತೀರೇನಮ್ಮಾ? ಹೀಗೇ ಬಿಟ್ರೆ ಮಗು ಉಳಿಯೋದು ಕಷ್ಟ" ಎಂದುಬಿಟ್ಟರು.

ಆ ಅಡುಗೆಮನೆಗೆ ಗವಾಕ್ಷಿ ಇರಲಿಲ್ಲವೆಂದಲ್ಲ. ಹೊಗೆ ಹೋಗಲೆಂದು ಒಲೆಯ ಮೇಲ್ಗಡೆ ಮಾಳಿಗೆಯಲ್ಲಿ ಯಾರೋ ಪುಣ್ಯಾತ್ಮರು ಹಿಂದೆ ಬಿಟ್ಟಿದ್ದರು. ಕೋತಿಗಳು ಅದರೊಳಗಿಂದ ಇಳಿದು ಅಡುಗೆ ಹೊತ್ತುಕೊಂಡು ಹೋಗುತ್ತವೆ ಎಂದು ಹೆಡ್‌ಗುಮಾಸ್ತರು ನಾವು ಬರುವ ಮೊದಲೇ ಮೇಲೆ ಚಪ್ಪಡಿ ಮುಚ್ಚಿಸಿ ಸುತ್ತ ಗಾರೆ ಮೆತ್ತಿಸಿದ್ದರು.

"ರೀ, ಅವರನ್ನ ಒಂದು ಮಾತು ಕೇಳಿ. ಚಪ್ಪಡಿ ತೆಗೆಸಿಕೊಡ್ತಾರೇನೋ" ಎಂದೆ.

"ಕೇಳ್ತೀನಿ, ಕೇಳ್ತೀನಿ" ಎಂದು ಕಚೇರಿಗೆ ಹೋದರು. ಸಂಜೆ ಬಂದವರು ಅಂಗಿಯ ಗುಂಡಿ ನೋಡಿಕೊಳ್ಳುತ್ತಾ, "ಕೇಳಿದೆ ಕಣೇ. ಆಗೋದಿಲ್ಲ ಅಂದ್ರು" ಎಂದರು. ಮನೆ ಅವರದು, ಕಚೇರಿಯಲ್ಲಿ ಮೇಲಿನವರೂ ಅವರೇ. ಇನ್ನೇನು ಮಾಡುವುದು ಎಂದು ಸುಮ್ಮನಾದೆ.

ಆ ಹೊತ್ತಿಗೆ ಸರಿಯಾಗಿ ನನ್ನ ಮರದ ದುಡ್ಡು ಬಂತು. ಶ್ರೀನಿವಾಸಪುರದ ನಮ್ಮ ತವರಿನ ತೋಪಿನಲ್ಲಿ ಒಂದು ಮಾವಿನ ಮರದ ಫಸಲನ್ನು ನನ್ನ ಅರಿಶಿನ ಕುಂಕುಮಕ್ಕೆ ಎಂದು ಮದುವೆಯಲ್ಲೇ ಬಿಟ್ಟುಕೊಟ್ಟಿದ್ದರು. ಆ ಸಲ ಮರ ಚೆನ್ನಾಗಿ ಕಾಯಿ ಬಿಟ್ಟಿತ್ತು. ನನ್ನದು ಅಂತ ಇದ್ದ ದುಡ್ಡು ಅದೊಂದೇ. ಮತ್ತೆ ಮುಂದಿನ ಮಾವಿನ ಕಾಲದ ತನಕ ಒಂದು ಕಾಸು ಹುಟ್ಟುವ ಹಾಗಿರಲಿಲ್ಲ. ಹೊಗೆ ಬರದ ಒಲೆ ಯಾವುದಾದರೂ ಸರಿ, ಒಂದು ತರೋಣ ಎಂದೆ. ಯಜಮಾನರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಆ ಉತ್ಸಾಹ ನೋಡಿದಾಗಲೇ ನನಗೆ ಭಯ.

ಕೋಲಾರಕ್ಕೆ ಬಸ್ಸಿನಲ್ಲಿ ಹೊರಟೆವು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಲು ಉರಿಸಿಕೊಂಡು ಓಡುತ್ತಿದ್ದ ಕಾಲ. ಏರು ಬಂದಾಗ ಇಳಿದು ನಡೆಯಬೇಕು, ಹಿಂದುಗಡೆ ಒಬ್ಬ ಇದ್ದಲ ಉರಿಗೆ ಗಾಳಿ ಊದುವ ಚಕ್ರ ತಿರುಗಿಸುತ್ತಿರಬೇಕು. ಹೊಗೆ ತಪ್ಪಿಸಿಕೊಳ್ಳಲು ಹೊರಟವಳ ಸೆರಗಿಗೆಲ್ಲ ಬಸ್ಸಿನ ಮಸಿ.

ಪೇಟೆಯ ಪಾತ್ರೆ ಅಂಗಡಿಯವನದು ಮುಳಬಾಗಿಲಿನ ಕಡೆಯ ತೆಲುಗು ಮಾತು. ಯಾರೇ ಬರಲಿ, ಗಂಡಸರ ಮುಖ ನೋಡಿಯೇ ಅವನ ವ್ಯಾಪಾರ. ಕೂಸನ್ನು ಎತ್ತಿಕೊಂಡು ನಾನೊಬ್ಬಳು ನಿಂತಿದ್ದೇನೆ ಎಂಬುದೇ ಅವನ ಕಣ್ಣಿಗೆ ಬೀಳಲಿಲ್ಲ. ಮೊದಲು ಒಂದರ ಮೇಲೊಂದು ಡಬ್ಬಿ ಜೋಡಿಸಿದ ಕುಕ್ಕರು ತೋರಿಸಿದ. ಅನ್ನ, ಬೇಳೆ, ಪಲ್ಯ ಮೂರೂ ಒಟ್ಟಿಗೆ ಬೇಯುತ್ತದಂತೆ. ಮೂರೂ ಒಟ್ಟಿಗೆ ನಮ್ಮ ಮನೆಯಲ್ಲಿ ಎಂದು ಇತ್ತು? ನಮ್ಮವರು ಮಾತ್ರ ಡಬ್ಬಿ ತೆಗೆದು, ಹಾಕಿ, ಮತ್ತೆ ತೆಗೆದು, ಒಳಗೆ ಬಗ್ಗಿ ನೋಡಿ, "ಆಹಾ" ಎಂದರು. ಆಮೇಲೆ ಕಾಫಿ ಬೀಜ ಪುಡಿ ಮಾಡುವ ಮಿಷನ್ನು. ಅದರ ಹಿಡಿ ತಿರುಗಿಸಿ ತಿರುಗಿಸಿ ನೋಡಿದರು.

"ರೀ, ನಾವು ಬಂದಿದ್ದು ಒಲೆಗೆ" ಎಂದೆ.

"ನೋಡೋದಕ್ಕೇನು ದುಡ್ಡು ಕೊಡಬೇಕಾ? ಸ್ವಲ್ಪ ತಡಕೋ."

ಮೂಲೆಯಲ್ಲಿ ತಗಡಿನ ಇದ್ದಲ ಒಲೆ ಇತ್ತು. ಗಟ್ಟಿಮುಟ್ಟಾಗಿ, ಅಗಲವಾಗಿ, ಪಾತ್ರೆ ಅಲ್ಲಾಡದ ಹಾಗೆ. ಅದನ್ನು ತೆಗೆದುಕೊಳ್ಳೋಣ ಎಂದೆ. "ಇದ್ದಲೆಲ್ಲ ಬಸ್ಸಿನ ಹೊಟ್ಟೆ ಸೇರ್ತಿದೆ, ನಿನಗೆಲ್ಲಿ ಸಿಗುತ್ತೆ ಇದ್ದಲು?" ಎಂದರು. ಅದೂ ನಿಜವೇ. ಆದರೆ ಸೀಮೆಎಣ್ಣೆ ಏನು ನಲ್ಲಿಯಲ್ಲಿ ಬರುತ್ತಿತ್ತೇ? ಚೀಟಿ ಹಿಡಿದು ಸಾಲಿನಲ್ಲಿ ನಿಂತರೂ ದೀಪಕ್ಕೇ ಸಾಲದು. ಅದನ್ನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅಂಗಡಿಯವನು ಹಿತ್ತಾಳೆಯ ಪಂಪ್ ಸ್ಟೌ ತಂದು ಮುಂದಿಟ್ಟ. ಮುಖ ಕಾಣುವ ಹಾಗೆ ಫಳಫಳ ಹೊಳೆಯುತ್ತಿತ್ತು. ಪಂಪು ಹೊಡೆದು ಹಚ್ಚಿದ. ಭುಸ್ಸೆಂದು ನೀಲಿ ಉರಿ ಎದ್ದಿತು. ಹೊಗೆ ಚೂರೂ ಇಲ್ಲ, ಸುಳ್ಳು ಹೇಳಬಾರದು. ನಮ್ಮವರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ನಾನು ನೋಡಿದ್ದು ಅದರ ಕಾಲುಗಳನ್ನು. ಸಣ್ಣ ಮೂರು ಕಂಬಿ. ಪಾತ್ರೆ ಕೂರುವ ಜಾಗವೂ ಅಷ್ಟೇ ಸಣ್ಣದು. ಇದರ ಮೇಲೆ ರಾಗಿ ಮುದ್ದೆ ತಿರುವಬಹುದೇನಪ್ಪಾ ಎಂದು ತೆಲುಗಿನಲ್ಲೇ ಕೇಳಿದೆ. ಅವನು ಯಜಮಾನರ ಕಡೆ ತಿರುಗಿ, "ಅನ್ನಂ ಕ್ಷಣಂಲೋ ಅವುತುಂದಿ ಸಾಮಿ" ಎಂದ. ನಾನು ಕೇಳಿದ್ದು ಮುದ್ದೆ, ಅವನು ಹೇಳಿದ್ದು ಅನ್ನ. "ಕೇಳಿದ್ಯಾ? ಕ್ಷಣದಲ್ಲಂತೆ!" ಎಂದು ನಮ್ಮವರು ದುಡ್ಡಿನ ಗಂಟಿಗೆ ಕೈ ಚಾಚಿದರು. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಂಡನ ಜೊತೆ ಜಗಳಕ್ಕೆ ನಿಲ್ಲುವುದು ಆಗಿನ ಕಾಲದಲ್ಲಿ ಉಂಟೇ? ಹಲ್ಲು ಕಚ್ಚಿಕೊಂಡು ಗಂಟು ಬಿಚ್ಚಿ ಕೊಟ್ಟೆ. ನನ್ನ ಮರ ಅಲ್ಲೇ ಬರಿದಾಯಿತು.

ನಮ್ಮ ಕಡೆ ಮುದ್ದೆ ಮಾಡುವುದು ಹೇಗೆಂದು ಬಲ್ಲವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಯೇ ಇಲ್ಲ. ಎಸರು ಮರಳುವಾಗ ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಆಮೇಲೆ ಮಡಕೆಯ ಕಂಠಕ್ಕೆ ಕವೆಗೋಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು ಮೈಯ ಭಾರವೆಲ್ಲ ಬಿಟ್ಟು ತಿರುವಬೇಕು. ಅಷ್ಟು ಒತ್ತಿದರೂ ಮಣ್ಣಿನ ಒಲೆ ಅಲ್ಲಾಡುವುದಿಲ್ಲ. ಸ್ಟೌ ಮೇಲೆ ಮೊದಲ ದಿನ ಹಾಗೇ ಒತ್ತಿದೆ ನೋಡಿ, ಒಂದು ಕಾಲು ಬಾಗಿ ಸ್ಟೌ ಅತ್ತ ಜಾರಿತು, ಮಡಕೆ ಇತ್ತ ಉರುಳಿತು. ಕುದಿಯುವ ಹಿಟ್ಟು ನೆಲದ ಮೇಲೆ ಹರಿದುಕೊಂಡು ಹೋಗಿ ತೊಟ್ಟಿಲಿನ ಕೆಳಗೆ ನಿಂತಿತು.

"ನಿಧಾನಕ್ಕೆ ತಿರುವೋದು ತಾನೇ?" ಎಂದರು ಯಜಮಾನರು. ಅವರು ಹುಟ್ಟಿದಾಗಿನಿಂದ ಒಂದು ದಿನ ಕೋಲು ಮುಟ್ಟಿದವರಲ್ಲ.

ಮಾರನೆಯ ದಿನ ಕೆಳಗಿಳಿಸಿ ತಿರುವಿ ನೋಡಿದೆ. ಪಂಪಿನ ಉರಿ ನಡುವಿಗೇ ಹೊಡೆದು ತಳ ಸೀದು ಕರಿಕಾಗಿತ್ತು, ಮೇಲೆಲ್ಲ ಹಸಿ ಹಿಟ್ಟು. "ಅನ್ನ ಮಾಡು ಹಾಗಾದ್ರೆ" ಎಂದರು. ಅಕ್ಕಿ ಎಲ್ಲಿತ್ತು ಸ್ವಾಮಿ ಆ ಕಾಲದಲ್ಲಿ? ಆಮೇಲೆ ಅದರಲ್ಲಿ ಬರೀ ಕಾಫಿ ಕಾಯಿಸಿದ್ದಾಯಿತು, ಅದೂ ಸೀಮೆಎಣ್ಣೆ ತೀರುವ ತನಕ. ಎಣ್ಣೆ ತೀರಿದ ಮೇಲೆ ಸ್ಟೌ ಗೂಡು ಸೇರಿತು. ಭಾನುವಾರ ಬಂದರೆ ನಮ್ಮವರು ಅದಕ್ಕೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ, ಬಂದವರಿಗೆಲ್ಲ ತೋರಿಸಿ, "ಕೋಲಾರದಿಂದ ತಂದಿದ್ದು" ಎನ್ನುತ್ತಿದ್ದರು. ಇತ್ತ ಅದೇ ಹಸಿ ಸೌದೆ, ಅದೇ ಹೊಗೆ, ಅದೇ ಕೆಮ್ಮು. ಆ ಹೊಳಪು ನೋಡಿದರೆ ನನ್ನ ಮೈ ಉರಿದುಹೋಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಮಗು ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ, ತುಟಿ ನೀಲಿಗಟ್ಟಿಬಿಟ್ಟಿತು. ಬೆನ್ನು ತಟ್ಟಿ ಆಚೆ ಗಾಳಿಗೆ ಓಡಿ ಬಂದ ಮೇಲೆ ಅಳು ಬಂತು ಅದಕ್ಕೆ. ನನಗೆ ಇನ್ನು ಯಾವ ನಾಚಿಕೆಯೂ ಉಳಿಯಲಿಲ್ಲ. ಕೂಸನ್ನು ಸೊಂಟದ ಮೇಲಿಟ್ಟುಕೊಂಡು, ಮಸಿ ಹಿಡಿದ ಕೈಯಲ್ಲೇ ಮುಂದುಗಡೆ ಹೋಗಿ ಹೆಡ್‌ಗುಮಾಸ್ತರ ಎದುರು ನಿಂತೆ. ಅವರು ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದರು.

"ಸ್ವಾಮಿ, ನೀವು ಆಗೋದಿಲ್ಲ ಅಂದಿದ್ರಂತೆ, ಆದ್ರೂ ಇನ್ನೊಂದು ಸಲ ಕೇಳ್ಕೊಳ್ತೀನಿ. ಆ ಗವಾಕ್ಷಿ ತೆಗೆಸಿಕೊಡಿ. ನನ್ನ ಮಗು ಉಳಿಯಲ್ಲ."

ಅವರು ಬಾಯಿ ಮುಕ್ಕಳಿಸಿ ಉಗಿದು, "ಯಾವಾಗಮ್ಮಾ ನಾನು ಆಗೋದಿಲ್ಲ ಅಂದಿದ್ದು? ನನ್ನನ್ನ ಯಾರೂ ಕೇಳಲೇ ಇಲ್ವಲ್ಲ! ಅಯ್ಯೋ, ಅದಕ್ಕೇನಂತೆ, ಒಂದು ಕಂಬಿ ಜಾಲರಿ ಹಾಕಿದ್ರೆ ಕೋತಿ ಇಳಿಯಲ್ಲ" ಎಂದರು. ಮಧ್ಯಾಹ್ನದೊಳಗೆ ಆಳು ಬಂದು ಚಪ್ಪಡಿ ಎತ್ತಿದ. ಜಾಲರಿಯೂ ಅವರದೇ, ಕೂಲಿಯೂ ಅವರದೇ. ಒಲೆ ಹಚ್ಚಿದೆ. ಹೊಗೆ ದಾರಿ ಗೊತ್ತಿದ್ದ ಹಾಗೆ ನೆಟ್ಟಗೆ ಮೇಲೆ ಹೋಯಿತು. ಅದನ್ನೇ ನೋಡುತ್ತಾ ನಿಂತು ಗಳಗಳ ಅತ್ತುಬಿಟ್ಟೆ.

ಸಂಜೆ ಯಜಮಾನರನ್ನು ಹೊಸಿಲಲ್ಲೇ ಹಿಡಿದುಕೊಂಡೆ. "ಕೇಳಿದೆ ಅಂದ್ರಲ್ಲ ನೀವು?"

"ಅದು ಹಾಗಲ್ಲ ಕಣೇ... ಅವರು ನನಗೆ ಮೇಲಿನವರು. ಏನಂದುಕೊಳ್ತಾರೋ ಅಂತ... ಹೇಗೆ ಬಾಯಿ ಬಿಡೋದು?"

ಅಯ್ಯೋ ನನ್ನ ಕರ್ಮವೇ! ಒಂದು ಮಾತು ಆಡಬೇಕಾಗುತ್ತದಲ್ಲ ಎಂದು ನನ್ನ ಇಡೀ ಮರ ಖರ್ಚು ಮಾಡಿಸಿದ್ದರು. ಮಗುವಿನ ಉಸಿರನ್ನೂ ಪಣಕ್ಕಿಟ್ಟಿದ್ದರು. ಆ ರಾತ್ರಿ ಅವರಿಗೆ ಮುದ್ದೆ ಬಡಿಸಿದೆನೇ ಹೊರತು ಒಂದು ಮಾತು ಬಡಿಸಲಿಲ್ಲ.

ಕೆಲವು ವಾರಕ್ಕೆ ಕೆಮ್ಮು ಪೂರ್ತಿ ನಿಂತಿತು. ಮಗು ಮೈಕೈ ತುಂಬಿಕೊಂಡಿತು. ಒಂದು ಭಾನುವಾರ ಹೆಡ್‌ಗುಮಾಸ್ತರು ಜಾಲರಿ ಹೇಗಿದೆ ನೋಡಿಹೋಗೋಣ ಎಂದು ಒಳಗೆ ಬಂದರು. ನಾನು ಎಸರಿಗಿಟ್ಟು ಒಲೆಯ ಮುಂದೆ ಕೂತಿದ್ದೆ. ನಮ್ಮವರು ಚಾಪೆ ಹಾಸಿ, ಗೂಡಿನ ಕಡೆ ಕೈ ತೋರಿಸಿ, ಹಲ್ಲು ಕಿರಿಯುತ್ತಾ ಹೇಳಿದರು: "ಆ ಸ್ಟೌ ತಂದಿದ್ದೇ ತಂದಿದ್ದು ನೋಡಿ ಸ್ವಾಮಿ, ಮಗೂ ಕೆಮ್ಮು ಮಾಯ!"

ಹೆಡ್‌ಗುಮಾಸ್ತರು ತಲೆಯೆತ್ತಿ ಗವಾಕ್ಷಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎದ್ದು ಗೂಡಿನಿಂದ ಸ್ಟೌ ಇಳಿಸಿ ಯಜಮಾನರ ಮುಂದಿಟ್ಟೆ. ಹಿಟ್ಟಿನ ಕೋಲನ್ನು ಅವರ ಕೈಗೆ ಕೊಟ್ಟೆ.

"ಹಾಗಾದ್ರೆ ಇವತ್ತಿನ ಮುದ್ದೆ ಇದರ ಮೇಲೆ ನೀವೇ ತಿರುವಿಬಿಡಿ. ಸ್ವಾಮಿಯವರೂ ಒಂದು ತುತ್ತು ಉಂಡುಕೊಂಡೇ ಹೋಗ್ಲಿ."

ಅವರು ಕೋಲು ಹಿಡಿದುಕೊಂಡು ಅಂಗಿಯ ಗುಂಡಿ ನೋಡುತ್ತಾ ಕೂತರು.